ತಿರುಗದ ಡಿಸ್ಕು

1998ರ ಆಗಸ್ಟ್ 20, ಗುರುವಾರ. ಸಂಜೆ ಏಳು ಗಂಟೆ ಹತ್ತು ನಿಮಿಷ.

ಪಾಂಡವಪುರ ಠಾಣೆಯಲ್ಲಿ ಕರೆಂಟು ಹೋಗಿತ್ತು. ಹೆಡ್ ಕಾನ್‌ಸ್ಟೆಬಲ್ ದೇವರಾಜು ಲಾಟೀನಿನ ಬತ್ತಿ ಏರಿಸಿ ತಲೆಯೆತ್ತಿದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮೈಮೇಲಿನ ಸೀರೆಯೆಲ್ಲ ಒದ್ದೆ. ಕೈಯಲ್ಲಿ ಒಂದು ತಾಮ್ರದ ಚೊಂಬು. ಅರ್ಧಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗಿದ್ದು, ಇನ್ನರ್ಧ ಹಾಗೇ ಕಪ್ಪು. ನಾಲೆಯಿಂದ ಮೇಲೆ ಬಂದವಳು ಅದನ್ನು ಕೆಳಗಿಡುವುದನ್ನೇ ಮರೆತಂತಿತ್ತು.

"ಬರ್ಕಳಿ ಸಾಮಿ, ನಮ್ಮಣ್ಣನ ಮೇಲೆ ಬರ್ಕಳಿ" ಅಂದಳು.

ಇನ್ಸ್‌ಪೆಕ್ಟರ್ ರಂಗಸ್ವಾಮಿ ಒಳಗಿನಿಂದ ಎದ್ದು ಬಂದರು.

"ಹೆಸರೇನಮ್ಮ?"

"ಸೋಮಮ್ಮ. ಬೋರೆಕಟ್ಟೆ."

"ಅಣ್ಣ ಯಾರು?"

"ಮುದ್ದಯ್ಯ. ನಾಲೆ ಮೇಲೆ ಕರೆಂಟ್ ಮಾಡ್ತಾರಲ್ಲ, ಆ ಪವರ್ ಹೌಸಲ್ಲಿ ಗೇಟು ಕಾಯೋನು."

"ಏನು ಮಾಡಿದ?"

"ನೀರು ಬುಟ್ಟ. ಸೈರನ್ ಕೂಗಿಸ್ದೆ ಬುಟ್ಟ. ನನ್ ಮಗಳು ಮೆಟ್ಲಲ್ಲಿದ್ಲು."

ಮಗಳ ಹೆಸರು ಅರ್ಪಿತ. ಹತ್ತನೇ ಕ್ಲಾಸು. ಗೌರಿ ಹಬ್ಬಕ್ಕೆ ನಾಲ್ಕು ದಿನವಿದೆಯೆಂದು ತಾಯಿ, ಮಗಳು ಪೂಜೆಯ ಪಾತ್ರೆ ಬೆಳಗಲು ಹಳೇ ನಾಲೆಯ ಮೆಟ್ಟಿಲಿಗೆ ಇಳಿದಿದ್ದರು. ನೀರು ಇಬ್ಬರನ್ನೂ ಎಳೆದುಕೊಂಡು ಹೋಯಿತು. ಸೋಮಮ್ಮನಿಗೆ ಲಂಟಾನದ ಪೊದೆ ಸಿಕ್ಕಿತು. ಮಗಳಿಗೆ ಸಿಕ್ಕಿದ್ದು ಸೇತುವೆಯ ಕಲ್ಲುಕಂಬ. ತಲೆ ಅದಕ್ಕೇ ಬಡಿಯಿತು. ತಾಯಿಯನ್ನು ದಡಕ್ಕೆ ಎಳೆಯುವ ಹೊತ್ತಿಗೆ ಹುಡುಗಿಯನ್ನು ಹಾಲಿನ ವ್ಯಾನಿನಲ್ಲಿ ಮೈಸೂರಿನ ಆಸ್ಪತ್ರೆಗೆ ಸಾಗಿಸಿಯಾಗಿತ್ತು.

ಬೋರೆಕಟ್ಟೆಯಲ್ಲಿದ್ದದ್ದು ಒಂದು ಪುಟ್ಟ ಖಾಸಗಿ ವಿದ್ಯುತ್ ಘಟಕ. ನಾಲೆಯ ನೀರು ಬೀಳುವ ಜಾಗದಲ್ಲಿ ಒಂದು ಚಕ್ರ ಕೂರಿಸಿದ್ದರು. ಹೊರಗಿನ ಲೈನಿನಲ್ಲಿ ಕರೆಂಟು ಹೋದರೆ ಚಕ್ರ ನಿಲ್ಲುತ್ತದೆ. ನಿಂತ ಚಕ್ರಕ್ಕೆ ನೀರು ಗುದ್ದಬಾರದೆಂದು ಪಕ್ಕದ ಗೇಟು ತಾನಾಗಿ ಎದ್ದು ನೀರನ್ನು ಹಳೇ ನಾಲೆಗೆ ತಿರುಗಿಸುತ್ತದೆ. ಅದಕ್ಕೆ ಮೊದಲು ಒಳಗಿನ ಕಂಪ್ಯೂಟರು ಮೂರು ಸಲ ಸೈರನ್ ಕೂಗಿಸಬೇಕು.

"ಮೊದ್ಲ ಕೂಗ್ಗೆ ಪಾತ್ರೆ, ಎಲ್ಡ್ನೇ ಕೂಗ್ಗೆ ಬಟ್ಟೆ, ಮೂರ್ನೇ ಕೂಗ್ಗೆ ನಾವು" ಎಂದಳು ಸೋಮಮ್ಮ. "ಅಂಗೇ ನಮ್ಮ ರೂಢಿ. ಕೂಗೋಗಂಟ ಯಾರೂ ನೀರ್ ಕಡೆ ತಿರುಗೂ ನೋಡಾಕಿಲ್ಲ. ಇವತ್ತು ಕೂಗ್ಲೇ ಇಲ್ಲ."

ಭಾರತ ದಂಡ ಸಂಹಿತೆಯ ಕಲಂ 287 ಮತ್ತು 338ರ ಅಡಿ ಎಫ್‌ಐಆರ್ ದಾಖಲಾಯಿತು. ಹುಡುಗಿಗೆ ಏನಾದರೂ ಆದರೆ ಇದು 304ಎ, ನಿರ್ಲಕ್ಷ್ಯದಿಂದಾದ ಸಾವಿನ ಕೇಸು, ಆಗುತ್ತದೆ ಎಂದು ರಂಗಸ್ವಾಮಿ ಬಾಯಿಬಿಟ್ಟು ಹೇಳಲಿಲ್ಲ. ಜೀಪು ಕೊಟ್ಟು ಸೋಮಮ್ಮನನ್ನು ಆಸ್ಪತ್ರೆಗೆ ಕಳಿಸಿದರು.

ಆರೋಪಿಯನ್ನು ಹುಡುಕಿಕೊಂಡು ಹೋಗುವ ಕೆಲಸ ಬೀಳಲಿಲ್ಲ. ಎಂಟು ಗಂಟೆಗೆ ಮುದ್ದಯ್ಯ ತಾನೇ ನಡೆದು ಬಂದ. ಐವತ್ತೈದರ ಆಸುಪಾಸು, ಹೆಗಲ ಮೇಲೆ ಖಾಕಿ ಶರಟು. ಬಂದವನೇ ಕಂಬಕ್ಕೆ ಒರಗಿ ಕುಕ್ಕರಗಾಲಲ್ಲಿ ಕೂತ.

"ಒಳಗಾಕ್ಬುಡಿ ಸಾಮಿ. ನಾನೇ."

"ನೀನೇ ಏನು?"

"ನಾನೇ ತಂಗಿ ಮಗೀನ ನೀರಿಗೆ ಬುಟ್ಟೆ."

"ಗೇಟು ನೀನು ಎತ್ತಿದ್ಯಾ?"

"ಇಲ್ಲ. ಅದು ತಾನೇ ಏಳ್ತದೆ."

"ಸೈರನ್ ಗುಂಡಿ ಇದೆಯಾ?"

"ಮದ್ಲು ಕೈಯಲ್ಲಿ ತಿರುಗ್ಸೋದು ಒಂದಿತ್ತು. ಕಂಪ್ಯೂಟ್ರು ಬಂದ ಮ್ಯಾಕೆ ಅದ ಕಿತ್ತಾಕ್ಬುಟ್ರು."

"ಮತ್ತೆ ನಿನ್ನ ತಪ್ಪೇನು?"

ಮುದ್ದಯ್ಯ ಶರಟಿನ ಗುಂಡಿ ತಿರುವುತ್ತಾ ಕೂತ.

"ಕರೆಂಟು ಹೋದಾಗ ಏನು ಮಾಡ್ತಿದ್ದೆ?"

"ಕುಂತಿದ್ದೆ."

"ಸುಮ್ನೆ?"

"ಸುಮ್ನೆ."

"ಕಿಟಕಿಯಿಂದ ಮೆಟ್ಟಿಲು ಕಾಣುತ್ತಾ?"

"ಕಾಣ್ತದೆ ಸಾಮಿ. ನಾನು ನೋಡ್ನಿಲ್ಲ." ಅಷ್ಟು ಹೇಳಿ ಶರಟನ್ನು ಮುಖಕ್ಕೆ ಒತ್ತಿಕೊಂಡ.

ದೇವರಾಜು ಹೊರಗೆ ಬಂದು ಮೆಲ್ಲಗೆ ಹೇಳಿದ: "ತೂಕಡಿಸಿರ್ತಾನೆ ಸಾರ್. ಕೇಸು ಮುಗೀತು."

"ತೂಕಡಿಸಿದೋನು ತೂಕಡಿಸ್ದೆ ಅನ್ತಾನೆ. ಇವನು ಬೇರೆ ಏನೋ ನುಂಗ್ತಿದಾನೆ."

*

ಆಗಸ್ಟ್ 21, ಬೆಳಿಗ್ಗೆ ಒಂಬತ್ತೂವರೆಗೆ ಬೋರೆಕಟ್ಟೆಯಲ್ಲಿ ಸ್ಥಳ ಪಂಚನಾಮೆ.

ಹೇಳಿಕೆಗಳು ಎರಡು ಬಗೆಯಾದವು. ಮೆಟ್ಟಿಲಲ್ಲಿದ್ದ ಹೆಂಗಸರೆಲ್ಲ ಸೈರನ್ ಕೂಗಲಿಲ್ಲ ಎಂದರು. ದಿಬ್ಬದ ಮೇಲೆ ಅರಳೀಕಟ್ಟೆಯಲ್ಲಿ ಕೂತಿದ್ದ ಗಂಡಸರೆಲ್ಲ ಕೂಗಿತು ಎಂದರು.

"ಕೂಗ್ತು ಸಾಮಿ, ಮೂರು ದಪ. ಈ ಕಿವೀಲಿ ಕೇಳಿವ್ನಿ" ಎಂದ ಒಬ್ಬ ಮುದುಕ.

"ನಿನ್ ಕಿವೀಗೆ ಊಟಕ್ಕೆ ಕರೆದ್ರೆ ಕೇಳಾಕಿಲ್ಲ, ಸೈರನ್ ಕೇಳ್ತಾ?" ಎಂದು ಬೈರಮ್ಮ ಎನ್ನುವವಳು ರೇಗಿದಳು. ಅವಳು ಆ ಸಂಜೆ ಮೇಲಿನ ಮೆಟ್ಟಿಲಲ್ಲಿದ್ದುದರಿಂದ ಪಾರಾಗಿದ್ದಳು. "ನಾವೇನು ಕಿವುಡೀರಾ?"

ಮ್ಯಾನೇಜರ್ ಲೋಕೇಶ್ ಇಸ್ತ್ರಿ ಶರಟಿನಲ್ಲಿ ಬಂದು ಗಂಡಸರ ಪಕ್ಕ ನಿಂತ. "ಸೈರನ್ ಕೂಗಿದೆ ಸಾರ್. ಕಂಪ್ಯೂಟರ್ ಸುಳ್ಳು ಹೇಳಲ್ಲ. ಮುದ್ದಯ್ಯನಿಗೆ ವಯಸ್ಸಾಯ್ತು. ಅವನೇ ಒಪ್ಕೊಂಡಿದ್ದಾನಂತಲ್ಲ?"

ರಂಗಸ್ವಾಮಿ ಎರಡೂ ಗುಂಪನ್ನು ನೋಡಿದರು. ಇಷ್ಟು ಜನ ಒಟ್ಟಿಗೆ ಸುಳ್ಳು ಹೇಳಲು ಯಾರಿಗೂ ಕಾರಣವಿರಲಿಲ್ಲ. ಹಾಗಾದರೆ ಇಬ್ಬರದೂ ನಿಜವಾಗಿರಬೇಕು.

"ಮೆಟ್ಟಿಲಿಂದ ಎಲ್ಲರನ್ನೂ ಮೇಲೆ ಹತ್ತಿಸು" ಎಂದು ದೇವರಾಜುಗೆ ಹೇಳಿ ಲೋಕೇಶನ ಕಡೆ ತಿರುಗಿದರು. "ಲೈನು ತೆಗೀರಿ. ನಿನ್ನೆ ಆದ ಹಾಗೇ ಆಗಲಿ, ನೋಡೋಣ."

"ಉತ್ಪಾದನೆ ನಿಲ್ಲುತ್ತೆ ಸಾರ್."

"ನಿಲ್ಲಲಿ."

ಹನ್ನೊಂದು ಗಂಟೆಗೆ ಪಂಚರ ಎದುರು ಲೈನು ತೆಗೆದರು. ಕೋಣೆ ಕತ್ತಲಾಯಿತು. ಚಕ್ರದ ಗುಯ್‌ಗುಟ್ಟುವಿಕೆ ಇಳಿಯುತ್ತಾ ಹೋಗಿ, ನೆಲದ ನಡುಕ ನಿಂತಿತು. ಪಕ್ಕದ ಶೆಡ್ಡಿನಲ್ಲಿ ಡೀಸೆಲ್ ಜನರೇಟರು ಕೆಮ್ಮಿ ಎದ್ದಿತು. ಕಂಪ್ಯೂಟರಿನ ಹಸಿರು ದೀಪ ಹತ್ತಿತು. ಪೆಟ್ಟಿಗೆಯೊಳಗೆ ಏನೋ ಮೆಲ್ಲಗೆ ತಿರುಗತೊಡಗಿತು. ಯಾರೋ ಮುದುಕಿ ಗೊಣಗಿಕೊಂಡು ರಾಗಿ ಕಲ್ಲು ತಿರುವಿದ ಹಾಗೆ. ಪರದೆ ಕಪ್ಪಾಗೇ ಇತ್ತು. ಆಮೇಲೆ ನೀಲಿಯಾಯಿತು. ಇಂಗ್ಲಿಷಿನಲ್ಲಿ ಎರಡು ಸಾಲು ಬಂದು, ಕೆಳಗೆ ಒಂದು ಹಳದಿ ಪಟ್ಟಿ ಇರುವೆಯಂತೆ ಹರಿಯತೊಡಗಿತು.

"ಏನು ಮಾಡ್ತಿದೆ ಅದು?"

"ಸ್ಟಾರ್ಟ್ ಆಗ್ತಿದೆ ಸಾರ್" ಎಂದ ಲೋಕೇಶ್. ಅವನ ದನಿಯಲ್ಲಿದ್ದ ಇಸ್ತ್ರಿ ಸ್ವಲ್ಪ ಮಾಸಿತ್ತು.

ಹೊರಗೆ ಕಬ್ಬಿಣ ಉಜ್ಜಿದ ಸದ್ದು. ಗೇಟು ಏಳುತ್ತಿತ್ತು. ರಂಗಸ್ವಾಮಿ ಕಿಟಕಿಗೆ ಓಡಿದರು. ಹಳೇ ನಾಲೆಯ ತಳದಲ್ಲಿ ಮಣ್ಣುಬಣ್ಣದ ನೀರು ನಾಲಿಗೆ ಚಾಚಿ, ಮರುಕ್ಷಣದಲ್ಲಿ ಮೈಯನ್ನೆಲ್ಲ ತಂದಿತು. ಕೊನೆಯ ಮೆಟ್ಟಿಲು ಮುಳುಗಿತು, ಅದರ ಮೇಲಿನದು, ಅದರ ಮೇಲಿನದು. ಯಾರೋ ಬಿಟ್ಟುಹೋಗಿದ್ದ ಒಂದು ಸೋಪಿನ ಡಬ್ಬಿ ಸರ್ರನೆ ಸೇತುವೆಯತ್ತ ಓಡಿತು. ಪರದೆಯ ಮೇಲೆ ಹಳದಿ ಪಟ್ಟಿ ಇನ್ನೂ ಅರ್ಧ ದಾರಿಯಲ್ಲಿತ್ತು.

ಸೈರನ್ ಕೂಗಿದಾಗ ಸೋಪಿನ ಡಬ್ಬಿ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಮೂರು ಕೂಗು, ಸ್ಪಷ್ಟವಾಗಿ. ದಿಬ್ಬದ ಮೇಲಿದ್ದ ಮುದುಕ "ನೋಡ್ರಪ್ಪ!" ಎಂದು ಕೈಯೆತ್ತಿದ. ಮೆಟ್ಟಿಲ ತಲೆಯಲ್ಲಿ ನಿಂತಿದ್ದ ಬೈರಮ್ಮನಿಗೆ ನೀರಿನ ಭೋರಾಟದಲ್ಲಿ ಅದು ಕೇಳಿಸಲೂ ಇಲ್ಲ.

ಪರದೆಯ ಮೇಲೆ ಆಗ ಅಂಗೈಯಗಲದ ಕನ್ನಡ ಅಕ್ಷರಗಳು ಮೂಡಿದವು: ನೀರು ಬರುತ್ತಿದೆ. ಮೇಲೆ ಹೋಗಿ.

"ಈ ಕನ್ನಡ ಯಾರು ಹಾಕಿದ್ದು?"

"ಕಂಪನಿಯೋರು ಹಾಕಿರಬೇಕು ಸಾರ್" ಎಂದ ಲೋಕೇಶ್. ಅವನೂ ಅದನ್ನು ಮೊದಲ ಸಲ ನೋಡುತ್ತಿದ್ದ ಹಾಗಿತ್ತು.

"ಇದನ್ನ ನೋಡ್ಕೊಳ್ಳೋರು ಯಾರು?"

"ಆಪರೇಟರ್ ಶ್ರೀರಾಮ್. ಶ್ರೀರಂಗಪಟ್ಟಣದಿಂದ ಬರ್ತಾನೆ. ಇವತ್ತು ರಜ."

"ಯಾಕೆ?"

"ಜ್ವರ ಅಂತ ಫೋನ್ ಮಾಡಿದ್ದ."

*

ಆಗಸ್ಟ್ 22ರಂದು ಕೆ.ಆರ್.ಪೇಟೆಯಿಂದ ಪ್ರಜ್ಞ ಎನ್ನುವ ಕಂಪ್ಯೂಟರ್ ಉಪನ್ಯಾಸಕಿಯನ್ನು ಕರೆಸಿದರು. ಮೂವತ್ತರ ಹೆಣ್ಣುಮಗಳು; ಬಸ್ಸಿಳಿದವಳೇ ಹೆಗಲ ಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು. ಆಸ್ಪತ್ರೆಯಿಂದ ಬೆಳಿಗ್ಗೆ ಬಂದ ಸುದ್ದಿ ಒಂದೇ ಸಾಲಿನದು: ಹುಡುಗಿಗೆ ಇನ್ನೂ ಎಚ್ಚರವಾಗಿಲ್ಲ. ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಹಬ್ಬದ ಬೆಳಿಗ್ಗೆ ಊರಿನ ಹೆಣ್ಣುಮಕ್ಕಳೆಲ್ಲ ಗಂಗೆ ತರಲು ಇದೇ ಮೆಟ್ಟಿಲಿಗೆ ಇಳಿಯುತ್ತಾರೆ. ಲೈನಿನಲ್ಲಿ ದಿನಕ್ಕೆ ಒಂದೆರಡು ಸಲವಾದರೂ ಕರೆಂಟು ಹೋಗುತ್ತಿತ್ತು. ಯಾವಾಗ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ.

ಪಂಚರ ಎದುರು ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಅರಿಶಿಣ ಕುಂಕುಮದ ಬೊಟ್ಟುಗಳು! ಫ್ಯಾನಿಗೊಂದು, ಹಸಿರು ಹಲಗೆಗೊಂದು, ತಂತಿಯ ಗಂಟಿಗೂ ಒಂದು.

"ಹೋದ ಸಲದ ಆಯುಧ ಪೂಜೆ ಸಾರ್" ಎಂದ ಲೋಕೇಶ್ ನಾಚಿಕೊಂಡು. "ಧೂಳು ಹೊಡೆಯೋಕೆ ತೆಗೆದಿದ್ವಿ. ಮುದ್ದಯ್ಯ ಒಂದನ್ನೂ ಬಿಡಲಿಲ್ಲ. ಯಾವುದಕ್ಕೆ ಕೋಪ ಬರುತ್ತೋ ಗೊತ್ತಿಲ್ಲ ಅಂತ ಎಲ್ಲಕ್ಕೂ ಹಚ್ಚಿದ."

ರಂಗಸ್ವಾಮಿ ಬಗ್ಗಿ ನೋಡುತ್ತಲೇ ಇದ್ದರು. ಮೂಲೆಯಲ್ಲಿ ನಾಲ್ಕು ಬೆರಳಗಲದ ಒಂದು ಕಬ್ಬಿಣದ ಡಬ್ಬಿ. ಅದಕ್ಕೆ ಬೊಟ್ಟಿರಲಿಲ್ಲ.

"ಇದಕ್ಕೊಂದಕ್ಕೆ ಯಾಕೆ ಪೂಜೆ ಆಗಿಲ್ಲ?"

"ಯಾಕಂದ್ರೆ ಇದು ಆವಾಗ ಇಲ್ಲಿರಲಿಲ್ಲ" ಎಂದಳು ಪ್ರಜ್ಞ. "ಇದು ಹಾರ್ಡ್ ಡಿಸ್ಕು. ಮನೆ, ಆಫೀಸಿನ ಕಂಪ್ಯೂಟರಿಗೆ ಹಾಕೋದು. ಒಳಗೆ ತಟ್ಟೆ ತಿರುಗುತ್ತೆ. ಇಂಥ ನಡುಗೋ ಜಾಗಕ್ಕೆ ಇದನ್ನ ಯಾರೂ ಹಾಕಲ್ಲ. ಯಂತ್ರ ತಂದುಕೊಟ್ಟವರು ಹಾಕಿದ್ದು ಚಿಪ್ ಡಿಸ್ಕು ಇರಬೇಕು. ಅದರಲ್ಲಿ ಏನೂ ತಿರುಗಲ್ಲ, ಬರೀ ಚಿಪ್ಪು. ಅದರ ಮೇಲೆ ಡಾಸ್."

"ಡಾಸ್ ಅಂದ್ರೆ?"

"ಕಂಪ್ಯೂಟರನ್ನ ಎಬ್ಬಿಸಿ ಕೆಲಸಕ್ಕೆ ಹಚ್ಚೋ ಸಾಫ್ಟ್‌ವೇರ್ ಸಾರ್. ಹಳೇದು, ಚಿಕ್ಕದು. ಚಿಪ್ಪಿನ ಮೇಲೆ ಡಾಸ್ ಇದ್ದರೆ ಕರೆಂಟು ಬಂದು ನೀವು ಉಸಿರು ಬಿಡೋದರೊಳಗೆ ಸೈರನ್ ಕೂಗಿರುತ್ತೆ. ಈಗ ಇಲ್ಲಿರೋದು ವಿಂಡೋಸ್. ದೊಡ್ಡದು. ಅದು ಮೇಜಿನ ಮುಂದೆ ಕೂತು ಕೆಲಸ ಮಾಡೋರಿಗೆ ಅಂತ ಮಾಡಿದ್ದು, ಅಲ್ಲಿ ಚೆನ್ನಾಗೇ ಇರುತ್ತೆ. ಆದರೆ ತಟಕ್ಕನೆ ಕರೆಂಟು ಹೋಗಿ ಮತ್ತೆ ಬಂತು ಅನ್ನಿ, ನನ್ನ ಡಿಸ್ಕಿಗೆ ಏಟು ಬಿದ್ದಿರಬಹುದು ಅಂತ ಮೂಲೆ ಮೂಲೆ ತಡಕಿ ನೋಡುತ್ತೆ. ಆ ಹಳದಿ ಪಟ್ಟಿ ಅದೇ. ಅದು ಮುಗಿಯೋವರೆಗೂ ಬೇರೆ ಕೆಲಸ ಇಲ್ಲ."

"ಕರೆಂಟು ಹೋದರೂ ಕಂಪ್ಯೂಟರ್ ಆರದ ಹಾಗೆ ಬ್ಯಾಟರಿ ಇಟ್ಟಿರಲ್ವಾ?" ಎಂದು ಕೇಳಿದರು ರಂಗಸ್ವಾಮಿ.

ಲೋಕೇಶ್ ನೆಲ ನೋಡಿದ. ಬ್ಯಾಟರಿ ಸತ್ತು ವರ್ಷವಾಗಿತ್ತು. ಸೈರನ್ ಹೇಗೂ ತಕ್ಷಣ ಕೂಗುತ್ತಿದೆಯಲ್ಲ ಎಂದು ಅವನು ಬದಲಾಯಿಸಿರಲಿಲ್ಲ.

ಪ್ರಜ್ಞ ಡಿಸ್ಕಿನೊಳಗೆ ಏನಿದೆ ಎಂದು ತೆರೆದು ನೋಡಿದಳು. ಸೈರನ್ನಿನ ಪ್ರೋಗ್ರಾಮಿನ ಪಕ್ಕದಲ್ಲೇ ಯಾರೋ ಅಳಿಸಲು ಮರೆತ ಚಿತ್ರಗಳು. ಬಾಳೆಕಂಬದ ಅಂಚು, ಓಲಗದವರು, ಹಾರ ಹಿಡಿದ ವಧೂವರರು, ನಾನಾ ಭಂಗಿಯ ಗಣಪತಿಗಳು.

"ಲಗ್ನಪತ್ರಿಕೆ!" ಎಂದ ದೇವರಾಜು. "ಯಾವುದೋ ಪ್ರಿಂಟಿಂಗ್ ಪ್ರೆಸ್ಸಿಂದು ಸಾರ್ ಇದು." ಒಂದು ಮಾದರಿಯ ಕೆಳಗೆ ಪ್ರೆಸ್ಸಿನ ಊರು ಇತ್ತು: ನಾಗಮಂಗಲ.

ಅಲ್ಲಿಗೆ ರಂಗಸ್ವಾಮಿಯವರಿಗೆ ಹೊಸ ಚಿಂತೆ ಹತ್ತಿಕೊಂಡಿತು. ಈ ಡಿಸ್ಕೇ ಸಾಕ್ಷಿ. ವಶಕ್ಕೆ ತೆಗೆದುಕೊಂಡರೆ ಇರುವ ತಡವಾದ ಸೈರನ್ನೂ ಇಲ್ಲ. ಬಿಟ್ಟರೆ ಯಾರಾದರೂ ಬದಲಾಯಿಸಿಯಾರು. ಪೆಟ್ಟಿಗೆಗೆ ಅರಗಿನ ಸೀಲು ಹಾಕಿ ಯಂತ್ರವನ್ನು ನಡೆಯಲು ಬಿಟ್ಟರು. ಚಿಪ್ ಡಿಸ್ಕು ತರಿಸಿ, ಬ್ಯಾಟರಿ ತರಿಸಿ ಎಂದು ಲೋಕೇಶನಿಗೆ ನೋಟೀಸು ಕೊಟ್ಟರು. ಚಿಪ್ಪು ಬರಲು ವಾರವಾಗುತ್ತದೆ ಎಂದ. ಮೆಟ್ಟಿಲ ಹತ್ತಿರ ದೇವರಾಜನನ್ನು ನಿಲ್ಲಿಸಿದರು.

"ಪವರ್ ಹೌಸ್ ಬಾಗಿಲ ಬಲ್ಬು ಕಾಣುತ್ತಲ್ಲ, ಅದರ ಮೇಲಿಂದ ಕಣ್ಣು ತೆಗೀಬೇಡ. ಆರಿದ ತಕ್ಷಣ ಸೀಟಿ."

"ಬೀಡಿ ಸೇದೋಕೆ ಸಾರ್?"

"ಬಲ್ಬು ನೋಡ್ಕೊಂಡೇ ಸೇದು."

*

ಆಗಸ್ಟ್ 23, ಭಾನುವಾರ. ದೇವರಾಜು ಬೆಳಗಿನಿಂದ ಮೆಟ್ಟಿಲ ಮೇಲೆ ನಿಂತಿದ್ದ. ನಾಳೆ ಹಬ್ಬ. ಇಡೀ ಊರಿನ ಕಂಬಳಿ, ಜಮಖಾನ, ಹಿತ್ತಾಳೆ ಎಲ್ಲ ನೀರಿಗಿಳಿದಿತ್ತು.

"ಏನ್ ಪೊಲೀಸಪ್ಪ, ಆ ಬಲ್ಬಿಗೇನು ನಿಮ್ಮನೆ ಹೆಣ್ಣು ಕೊಟ್ಟಿದ್ದೀರಾ, ಅಂಗೇ ನೋಡ್ತಾ ಇದ್ದೀರಲ್ಲ" ಎಂದಳು ಒಬ್ಬಳು.

"ಸುಮ್ನೆ ನಿಂತವ್ನೆ, ಈ ಕಂಬಳಿನಾದ್ರೂ ಹಿಂಡ್ಲಿ ಬುಡು" ಎಂದಳು ಬೈರಮ್ಮ.

"ಬೇಗ ಮುಗಿಸ್ರವ್ವ" ಎನ್ನುತ್ತಿದ್ದ ದೇವರಾಜು. ಬೆಳಗಿನಿಂದ ಒಂದೇ ಬಲ್ಬನ್ನು ನೋಡಿ ನೋಡಿ ಕಣ್ಣಲ್ಲಿ ನೀರು ಬರುತ್ತಿತ್ತು. ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು. ಅದೇ ಅವನ ಭಯ: ಆರಿದ ಮೇಲೂ ಹೊತ್ತಿದೆ ಅನ್ನಿಸಿಬಿಟ್ಟರೆ?

ಮಧ್ಯಾಹ್ನ ಮೂರು ಗಂಟೆಯ ಮೇಲೆ ಬಲ್ಬು ಆರಿತು.

ದೇವರಾಜು ಸೀಟಿ ಊದಿದ. ಹೆಂಗಸರು ಒಮ್ಮೆ ಅವನತ್ತ ನೋಡಿ, ಬಗ್ಗಿ, ಪಾತ್ರೆ ಜೋಡಿಸಿಕೊಳ್ಳತೊಡಗಿದರು. ಮೊದಲ ಕೂಗಿಗೆ ಪಾತ್ರೆ! ಇವರು ಎರಡನೇ ಸೀಟಿಗೆ ಕಾಯುತ್ತಾರೆ, ಆಮೇಲೆ ಮೂರನೆಯದಕ್ಕೆ.

"ಬುಟ್ಬುಡ್ರೇ ಪಾತ್ರೆಯ! ಹತ್ರೀ ಮೇಲೆ!" ಮೆಟ್ಟಿಲಿಳಿದು ಓಡಿದ. ಬೈರಮ್ಮನ ಕೈ ಹಿಡಿದು ಎಳೆದ. ಕಂಬಳಿಯ ಜೊತೆ ಬೈಗುಳವೂ ಬಂತು. ಗೇಟಿನ ಕಬ್ಬಿಣ ಉಜ್ಜಿದ ಸದ್ದು ಕೇಳಿದ ಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಕೊನೆಯವಳು ಮೇಲೆ ಬಂದಾಗ ಕೆಳಗಿನ ಮೆಟ್ಟಿಲುಗಳ ಮೇಲೆ ಪಾತ್ರೆಗಳು ತೇಲಿ ಹೊರಟವು. ಎಲ್ಲರೂ ನಿಂತು ನೋಡಿದರು. ಸೈರನ್ ಆಮೇಲೆ ಕೂಗಿತು.

ಬೈರಮ್ಮ ದಡದ ಮೇಲೆ ಕುಸಿದು ಕೂತು, "ಅಯ್ಯೋ, ಸೋಮಿಗೂ ಇಂಗೇ ಆಗಿದ್ದು" ಎಂದು ಅಳತೊಡಗಿದಳು.

*

ಅದೇ ಹೊತ್ತಿಗೆ ರಂಗಸ್ವಾಮಿ ನಾಗಮಂಗಲದ ಪ್ರೆಸ್ಸಿನಲ್ಲಿದ್ದರು. ಮಾಲೀಕ ದೇವಲಾಪುರದ ಕಡೆಯವನು, ಮಾತುಗಾರ.

"ನಮ್ದೇ ಡಿಸ್ಕು ಸಾರ್. ಹಳೇ ಕಂಪ್ಯೂಟ್ರು ಬಿಚ್ಚಿದ್ವಿ. ಬೇಸಿಗೇಲಿ ಒಬ್ಬ ಹುಡುಗ ಬಂದು ತಗೊಂಡೋದ. ಶ್ರೀರಂಗಪಟ್ಟಣದ ಅಯ್ನೋರ ಮಗ, ಸಣ್ಣಕೆ, ಕನ್ನಡಕ. ಮದುವೆ ಗಿದುವೆನಾ ಅಂದೆ. ಇಲ್ಲ, ಕನ್ನಡ ಅಕ್ಷರ ದೊಡ್ಡದಾಗಿ ಬರೋ ಫಾಂಟ್ ಇದ್ಯಾ ಅಂದ. ಅದು ಅವನತ್ರ ಆಗ್ಲೇ ಇತ್ತು, ಇನ್ನೂ ದಪ್ಪಂದು ಬೇಕಿತ್ತಂತೆ."

ಸಂಜೆ ಐದೂಮುಕ್ಕಾಲಿಗೆ ಜೀಪು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಒಂದು ಹೆಂಚಿನ ಮನೆಯ ಮುಂದೆ ನಿಂತಿತು. ಬಾಗಿಲು ತೆಗೆದವರು ದೇವಸ್ಥಾನದ ಅರ್ಚಕ ಅನಂತರಾಮು. ಪೊಲೀಸರನ್ನು ಕಂಡು ಪಕ್ಕಕ್ಕೆ ಸರಿದರು.

"ಮೂರು ದಿನದಿಂದ ಊಟ ಮಾಡಿಲ್ಲ. ಏನು ಅಂತ ಹೇಳ್ತಾನೂ ಇಲ್ಲ" ಎಂದರು.

ಶ್ರೀರಾಮ್ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಇಪ್ಪತ್ತಾರು ವರ್ಷ. ಎದ್ದು ನಿಂತು ಕೇಳಿದ ಮೊದಲ ಮಾತು: "ಆ ಹುಡುಗಿ ಹೇಗಿದ್ದಾಳೆ ಸಾರ್?"

"ಪ್ರಶ್ನೆ ನಾನು ಕೇಳ್ತೀನಿ. ಚಿಪ್ ಡಿಸ್ಕು ಎಲ್ಲಿ?"

ಅವನು ಒಳಗೆ ಹೋಗಿ ಒಂದು ಕಾಗದದ ಪೊಟ್ಟಣ ತಂದ. ತೆಳ್ಳನೆಯ ಹಲಗೆ, ಮೇಲೆ ಕಪ್ಪು ಚಿಪ್ಪುಗಳು, ನಡುವೆ ಒಣಗಿದ ಅರಿಶಿಣದ ಬೊಟ್ಟು. ಜಪ್ತಿ ಪಂಚನಾಮೆಯಾಯಿತು.

"ಮಾರೋಕೆ ತೆಗೆದಿಟ್ಟಿದ್ಯಾ?"

"ಸತ್ತುಹೋಗಿದೆ ಸಾರ್ ಅದು. ನಾನೇ ಕೊಂದೆ."

"ಸರಿಯಾಗಿ ಹೇಳು."

"ಅದರಲ್ಲಿ ಡಾಸ್ ಇತ್ತು. ತೆಗೆದು ವಿಂಡೋಸ್ ಹಾಕಿದೆ. ಚಿಪ್ಪಿನ ಮೇಲೆ ಅದೂ ಬೇಗಾನೇ ಏಳ್ತಿತ್ತು. ಗೇಟು ಏಳೋದಕ್ಕೆ ಮುಂಚೆ ಸೈರನ್ ಕೂಗ್ತಿತ್ತು. ಮತ್ತೆ ಮತ್ತೆ ನೋಡಿದ್ದೆ ಸಾರ್, ಸುಮ್ಮನೆ ಹಾಕಲಿಲ್ಲ. ಆದರೆ ಡಾಸ್ ಹೇಳಿದಾಗ ಮಾತ್ರ ಡಿಸ್ಕಿಗೆ ಬರೆಯುತ್ತೆ. ವಿಂಡೋಸ್ ಸುಮ್ಮನೆ ಕೂತಾಗಲೂ ಏನಾದರೂ ಬರೀತಾ, ಅಳಿಸ್ತಾ ಇರುತ್ತೆ. ಚಿಪ್ಪು ಸ್ಲೇಟಿನ ಹಾಗೆ. ಒಂದೇ ಜಾಗ ಉಜ್ಜಿ ಉಜ್ಜಿ ಒರೆಸಿದರೆ ಕಪ್ಪೇ ಹೋಗಿಬಿಡುತ್ತೆ. ನಂಗದು ಗೊತ್ತಿರಲಿಲ್ಲ. ಬೇಸಿಗೇಲಿ ಒಂದು ದಿನ ಏಳಲೇ ಇಲ್ಲ."

"ಮ್ಯಾನೇಜರಿಗೆ ಹೇಳಿದ್ಯಾ?"

"ಸೇರಿದ ದಿನವೇ ಹೇಳಿದ್ದರು, ಅದನ್ನ ಮುಟ್ಟಿದರೆ ನಾಳೆಯಿಂದ ಬರಬೇಡ ಅಂತ. ಅದಕ್ಕೇ ಹೇಳಲಿಲ್ಲ. ಚಿಪ್ಪು ಸತ್ತ ಮಾರನೇ ದಿನವೇ ನಾಗಮಂಗಲಕ್ಕೆ ಹೋಗಿ ಆ ಡಿಸ್ಕು ತಂದು ಹಾಕಿದೆ."

"ಅದು ನಿಧಾನ ಅಂತ ಗೊತ್ತಾಗಲಿಲ್ವಾ?"

ಶ್ರೀರಾಮ್ ತುಟಿ ಕಚ್ಚಿದ.

"ಗೊತ್ತಾಯ್ತು. ಮೊದಮೊದಲು ಗೇಟಿಗೂ ಸೈರನ್ನಿಗೂ ಹೆಚ್ಚುಕಡಿಮೆ ಒಂದೇ ಹೊತ್ತು. ಆಮೇಲೆ ಡಿಸ್ಕು ನಡುಗಿ ನಡುಗಿ ಹಾಳಾಗ್ತಾ ಬಂತು, ಈ ವಾರವಂತೂ ತಡಕೋದು ತೀರಾ ಜಾಸ್ತಿ ಆಯ್ತು. ಹಬ್ಬ ಕಳೀಲಿ, ಡಾಸ್ ಹಾಕಿಬಿಡೋಣ ಅಂದ್ಕೊಂಡೆ. ಆ ಡಿಸ್ಕಿಗೇ ಡಾಸ್ ಹಾಕಿದ್ದರೂ ಸಾಕಿತ್ತು ಸಾರ್. ಒಂದು ಗಂಟೆ ಕೆಲಸ."

"ಒಂದು ಗಂಟೆ ಕೆಲಸ. ಮತ್ತೆ ಯಾಕೆ ಮಾಡಲಿಲ್ಲ?"

"ಡಾಸ್‌ನಲ್ಲಿ ಕನ್ನಡ ಬರಲ್ಲ" ಎಂದ.

ಸಂಜೆ ಆರೂವರೆಗೆ ಅವನನ್ನು ದಸ್ತಗಿರಿ ಮಾಡಿದರು. ಅನಂತರಾಮು ಜೀಪಿನವರೆಗೂ ಬಂದು, ಮಗನ ಕನ್ನಡಕ ಸರಿಮಾಡಿ ಹಿಂದಕ್ಕೆ ಹೋದರು.

*

ಠಾಣೆಗೆ ಬಂದಾಗ ದೇವರಾಜು ಬೋರೆಕಟ್ಟೆಯಿಂದ ಫೋನ್ ಮಾಡಿ ವರದಿ ಒಪ್ಪಿಸಿಯಾಗಿತ್ತು. ಇನ್ನೊಂದು ಫೋನು ಮೈಸೂರಿನಿಂದ: ಹುಡುಗಿ ಕಣ್ಣು ಬಿಟ್ಟಿದ್ದಾಳೆ, ತಾಯಿಯ ಗುರುತು ಹಿಡಿದಿದ್ದಾಳೆ, ಮಾತು ಇನ್ನೂ ಬಂದಿಲ್ಲ. ಲೋಕೇಶನನ್ನು ಎರಡನೇ ಆರೋಪಿಯಾಗಿ ಸೇರಿಸಿದರು. ಹಬ್ಬದ ಬೆಳಿಗ್ಗೆ ಮೇಲಿನ ತೂಬಿನಲ್ಲೇ ನೀರು ತಡೆದು ಹಿಡಿಯಲು ತಹಸೀಲ್ದಾರರ ಆದೇಶ ಬಂದಿತ್ತು.

ಮುದ್ದಯ್ಯ ಮೂರು ದಿನವೂ ಠಾಣೆಯ ಜಗಲಿ ಬಿಟ್ಟು ಕದಲಿರಲಿಲ್ಲ. ಮನೆಗೆ ಹೋಗು ಎಂದರೂ ಹೋಗುತ್ತಿರಲಿಲ್ಲ. ಶ್ರೀರಾಮ್ ಜೀಪಿನಿಂದ ಇಳಿದದ್ದನ್ನು ಕಂಡು ಎದ್ದು ನಿಂತ.

"ಈ ಮಗೀನ ಯಾಕ್ ತಂದ್ರಿ ಸಾಮಿ?"

"ನಿಂಗೆ ಇವನು ಡಿಸ್ಕು ಬದಲಾಯಿಸಿದ್ದು ಗೊತ್ತಿತ್ತಾ?"

"ಡಿಸ್ಕು ಗಿಸ್ಕು ನಂಗೇನ್ ಗೊತ್ತಾಯ್ತದೆ. ಕನ್ನಡ ಅಕ್ಸರ ಆಕ್ಕೊಟ್ಟ. ಮೇನೇಜರ್‌ಗೆ ಹೇಳ್ಬೇಡ ಮುದ್ದಣ್ಣ ಅಂದ. ಇಲ್ಲ ಕಣಪ್ಪ ಅಂದೆ."

ರಂಗಸ್ವಾಮಿ ಶ್ರೀರಾಮನತ್ತ ತಿರುಗಿದರು. ಈಗ ಅವನು ನೆಲ ನೋಡುತ್ತಲೇ ಹೇಳಿದ. ಹೊಸದಾಗಿ ಕಂಪ್ಯೂಟರು ಬಂದಾಗ ಪರದೆಯ ಮೇಲೆ ಎಲ್ಲ ಇಂಗ್ಲಿಷು. ಏನಾದರೂ ಕೆಂಪಗೆ ಮಿನುಗಿದರೆ ಮುದ್ದಯ್ಯ ಹೆದರಿ ಹೊರಗೆ ಓಡಿಬರುತ್ತಿದ್ದ, ಲೋಕೇಶ್ ಎಲ್ಲರೆದುರು ನಗುತ್ತಿದ್ದ. ಎಷ್ಟೋ ವರ್ಷ ನೀರಿನ ಸದ್ದು ಕೇಳಿಯೇ ಗೇಟು ಕಾದ ಮನುಷ್ಯ ಆ ಪೆಟ್ಟಿಗೆಯ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದ. ಕನ್ನಡವಾದರೆ ಕಲಿಯುತ್ತಾನೆ ಎಂದು ಶ್ರೀರಾಮನಿಗೆ ಅನ್ನಿಸಿತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಒಂದೊಂದೇ ಅಕ್ಷರ ತೋರಿಸಿದ. ಮುದ್ದಯ್ಯ ಮೊದಲು ಓದಿದ್ದು 'ನೀರು'.

"ಅವತ್ತು ನಕ್ಕುಬಿಟ್ಟರು ಸಾರ್. ನಲವತ್ತು ವರ್ಷದಿಂದ ಕಂಡಿದ್ದೀನಿ, ಇದು ಹಿಂಗಿರ್ತದಾ ಅಂತ. ಆಮೇಲೆ ತೆಗೆಯೋಕೆ ನಂಗೆ ಆಗಲಿಲ್ಲ."

ರಂಗಸ್ವಾಮಿ ಜಗಲಿಯ ಕಡೆ ತಿರುಗಿ ಕೇಳಿದರು:

"ಮುದ್ದಯ್ಯ, ಅವತ್ತು ಕರೆಂಟು ಹೋದಾಗ ಏನು ಮಾಡ್ತಿದ್ದೆ?"

"ಕಾಯ್ತಿದ್ದೆ ಸಾಮಿ."

"ಏನಕ್ಕೆ?"

"ಅಕ್ಸರ ಬರ್ಲಿ ಅಂತ. ಬಂದ್ ತಕ್ಸಣ ನಾನೇ ಓದ್ಬೇಕು ಅಂತ ಅದ್ನೇ ನೋಡ್ತಾ ಕುಂತಿದ್ದೆ. ಗೇಟೆದ್ದಿದ್ದು ಕೇಳುಸ್ತು. ಇನ್ನೇನ್ ಬತ್ತದೆ ಅಂತ ಅಂಗೇ ಕುಂತೆ. ಬಂತು. ಓದ್ದೆ. 'ಮೇಲೆ' ಅನ್ನೋದು ಕಷ್ಟ ಆಯ್ತದೆ ನಂಗೆ. ಅದ ಕೂಡುಸ್ಕೋತಾ ಇದ್ದಾಗ ಕೆಳಗಡೆಯಿಂದ ಸೋಮಿ ಕಿರುಚ್ಕೊಂಡಿದ್ದು."

ಹೇಳಿಕೆ ಬರೆದುಕೊಳ್ಳುತ್ತಿದ್ದ ಪೇದೆಯ ಪೆನ್ನು ನಿಂತಿತ್ತು. ಬರಿ ಎಂದು ರಂಗಸ್ವಾಮಿ ಕಣ್ಣಲ್ಲೇ ಹೇಳಿದರು.

"ನಿನ್ನ ಮೇಲೆ ಕೇಸಿಲ್ಲ. ಕೊನೇ ಬಸ್ಸಿದೆ, ಮೈಸೂರಿಗೆ ಹೋಗು. ನಿನ್ನ ತಂಗಿಗೆ ನೀನೇ ಹೇಳು."

ಮುದ್ದಯ್ಯ ಶರಟು ಹೆಗಲಿಗೆ ಹಾಕಿಕೊಂಡು ಅಂಗಳಕ್ಕಿಳಿದ. ಗೇಟಿನವರೆಗೂ ಹೋಗಿ ತಿರುಗಿ ಬಂದ.

"ಏನಂತ ಹೇಳ್ಲಿ ಸಾಮಿ?"

"ಮಿಷಿನ್ ತಡ ಮಾಡ್ತು ಅನ್ನು."

"ಯಾಕ್ ತಡ ಆಯ್ತು ಅಂತ ಕೇಳ್ತಾಳೆ."

"ಕೇಳಿದರೆ ಇದ್ದದ್ದು ಹೇಳು."

"ನಿಮ್ಮಣ್ಣಂಗೆ ಓದು ಬರ್ಲಿ ಅಂತ ಒಬ್ಬ ಹುಡ್ಗ ಆಸೆಪಟ್ಟ ಅಂತ ಹೇಳ್ಲಾ?" ಎಂದ ಮುದ್ದಯ್ಯ. "ಅವಳು ಯಾರ್ನ ಬಯ್ಯಬೇಕು ಸಾಮಿ ಆವಾಗ?"

ಬಸ್ಸಿನ ಹಾರನ್ನು ಕೇಳಿಸಿತು. ಮುದ್ದಯ್ಯ ಒಮ್ಮೆ ಶ್ರೀರಾಮನತ್ತ ನೋಡಿ, "ಊಟ ಮಾಡಪ್ಪ" ಎಂದು ಹೇಳಿ, ಕತ್ತಲಲ್ಲಿ ರಸ್ತೆಯ ಕಡೆ ಬೇಗಬೇಗ ನಡೆದ.